ನಕಲು ಮಾಡುವ ಹೊಣೆ ಸ್ಟೋರೇಜಿನದು ಎಂದುಕೊಂಡಿದ್ದೆ: ಓಡಿಎಕ್ಸ್ ಜೊತೆ ನನ್ನ ಅನುಭವ

ಕಕ್ಕಡದ ಮಳೆ ಹಿಡಿಯಿತೆಂದರೆ ಮಡಿಕೇರಿಯಲ್ಲಿ ಕರೆಂಟನ್ನು ನಂಬಿ ದೊಡ್ಡ ಕೆಲಸ ಹಚ್ಚುವಂತಿಲ್ಲ. ನಾನು ಸರ್ವರ್ ನೋಡಿಕೊಳ್ಳುವ ಕಚೇರಿಯಲ್ಲಿ 400 ಜಿಬಿಯ ವರ್ಚುವಲ್ ಡಿಸ್ಕ್ ಫೈಲೊಂದನ್ನು ಒಂದೇ ಸ್ಟೋರೇಜ್ ಪೆಟ್ಟಿಗೆಯ ಒಂದು ವಾಲ್ಯೂಮಿನಿಂದ (ಸರ್ವರಿಗೆ ಬೇರೆ ಡ್ರೈವಿನಂತೆ ಕಾಣುವ ಭಾಗ) ಇನ್ನೊಂದಕ್ಕೆ ನಕಲು ಮಾಡಬೇಕಾಗಿತ್ತು. ಸರ್ವರನ್ನು ನೆಟ್‌ವರ್ಕ್ ಮೂಲಕ ಸ್ಟೋರೇಜಿಗೆ ಜೋಡಿಸುವ 1 ಗಿಗಾಬಿಟ್ ಐಸ್ಕಸಿ (iSCSI) ಸಂಪರ್ಕದಲ್ಲಿ ಅದಕ್ಕೆ ಸುಮಾರು ಒಂದು ಗಂಟೆ ಬೇಕು. ನಮ್ಮ ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಹಾಗಾಗಿ ವಿಂಡೋಸ್ ಸರ್ವರ್ 2012ರಿಂದ ಬಂದಿರುವ ಓಡಿಎಕ್ಸ್ (ಆಫ್‌ಲೋಡೆಡ್ ಡೇಟಾ ಟ್ರಾನ್ಸ್‌ಫರ್, ಅಂದರೆ ನಕಲಿನ ಕೆಲಸವನ್ನು ಸ್ಟೋರೇಜಿಗೇ ಒಪ್ಪಿಸುವ ವ್ಯವಸ್ಥೆ) ಮೇಲೆ ಭರವಸೆ ಇಟ್ಟೆ. ಅದರಲ್ಲಿ ಸರ್ವರ್ ಓದಲು ಕೇಳಿದಾಗ ಸ್ಟೋರೇಜ್ ಡೇಟಾದ ಬದಲು 512 ಬೈಟಿನ ಟೋಕನ್ ಕೊಡುತ್ತದೆ, ಬರೆಯುವಾಗ ಸರ್ವರ್ ಆ ಟೋಕನ್ನನ್ನೇ ಮರಳಿಸುತ್ತದೆ, ನಕಲು ಪೆಟ್ಟಿಗೆಯೊಳಗೇ ನಡೆಯುತ್ತದೆ. ಕಾಫಿ ಮೂಟೆಯನ್ನು ಗೋದಾಮಿನಲ್ಲೇ ಬಿಟ್ಟು ಚೀಟಿ ಮಾತ್ರ ಕೈ ಬದಲಾಯಿಸಿದ ಹಾಗೆ.

ನಕಲು ಹಚ್ಚಿ ಟಾಸ್ಕ್ ಮ್ಯಾನೇಜರ್ ತೆರೆದರೆ ನೆಟ್‌ವರ್ಕಿನ ಗೆರೆ ತುದಿ ಮುಟ್ಟಿ ನಿಂತಿತ್ತು. ಚೀಟಿಯಲ್ಲ, ಮೂಟೆಯೇ ಓಡಾಡುತ್ತಿತ್ತು. ಯಾವ ದೋಷಸಂದೇಶವೂ ಇರಲಿಲ್ಲ, ಏಕೆಂದರೆ ಓಡಿಎಕ್ಸ್ ಸಾಧ್ಯವಾಗದಿದ್ದಾಗ ವಿಂಡೋಸ್ ಸದ್ದಿಲ್ಲದೆ ಹಳೆಯ ರೀತಿಯ ನಕಲಿಗೆ ಮರಳುತ್ತದೆ. ನನಗೆ ಅತ್ಯಂತ ಕಷ್ಟ ಕೊಟ್ಟದ್ದು ಈ ಮೌನವೇ.

ಮೊದಲು ಸಿಕ್ಕಿದ್ದು ಫೈಲಿನಲ್ಲೇ ಇದ್ದ ತೊಡಕು. ಜಾಗ ಉಳಿಸಲೆಂದು ಯಾರೋ ಆ ಫೋಲ್ಡರಿಗೆ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ವ್ಯವಸ್ಥೆ) ಕಂಪ್ರೆಷನ್ ಹಾಕಿದ್ದರು, ಮತ್ತು ಕಂಪ್ರೆಸ್ ಆದ, ಸ್ಪಾರ್ಸ್ ಆದ (ಖಾಲಿ ಭಾಗಗಳಿಗೆ ಡಿಸ್ಕಿನಲ್ಲಿ ಜಾಗ ಹಿಡಿಯದ) ಅಥವಾ ಎನ್‌ಕ್ರಿಪ್ಟ್ ಆದ ಫೈಲುಗಳಿಗೆ ಓಡಿಎಕ್ಸ್ ಒದಗುವುದಿಲ್ಲ. ಅದನ್ನು ತೆಗೆದ ಮೇಲೂ ಗೆರೆ ಇಳಿಯಲಿಲ್ಲ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ 'ಎಫ್‌ಎಲ್‌ಟಿಎಂಸಿ ಇನ್‌ಸ್ಟನ್ಸಸ್' ಆದೇಶ ಕೊಟ್ಟು, ಆ ವಾಲ್ಯೂಮಿಗೆ ಅಂಟಿಕೊಂಡ ಫಿಲ್ಟರ್ ಡ್ರೈವರುಗಳನ್ನು (ಫೈಲಿನ ಓದು, ಬರಹದ ನಡುವೆ ಕುಳಿತು ಕೆಲಸ ಮಾಡುವ ತಂತ್ರಾಂಶಗಳನ್ನು) ಒಂದೊಂದಾಗಿ ನೋಡಿದೆ. ಆಫ್‌ಲೋಡ್ ಓದು, ಬರಹ ಎರಡನ್ನೂ ಒಪ್ಪುವ ಫಿಲ್ಟರಿನ ಎದುರು, ಬೆಂಬಲ ಸೂಚಿಸುವ ಕಾಲಮಿನಲ್ಲಿ, ಕನಿಷ್ಠ 3 ಇರಬೇಕು. ನಮ್ಮ ಆಂಟಿವೈರಸ್ ಎದುರು 0 ಇತ್ತು. ಸಾಲಿನಲ್ಲಿರುವ ಒಂದೇ ಒಂದು ಫಿಲ್ಟರ್ ಒಪ್ಪದಿದ್ದರೂ ಇಡೀ ಕೆಲಸ ಸರ್ವರಿನ ಹೆಗಲಿಗೇ ಬೀಳುತ್ತದೆ. ಆಂಟಿವೈರಸ್ಸಿನ ಹೊಸ ಆವೃತ್ತಿ ಹಾಕಿದ ಮೇಲೆ ಗೆರೆ ನೆಲಕ್ಕಿಳಿಯಿತು, ನಕಲು ಕೆಲವೇ ನಿಮಿಷಗಳಲ್ಲಿ ಮುಗಿಯಿತು.

ಲೆಕ್ಕಪತ್ರ ವಿಭಾಗದ, ಬಿಟ್‌ಲಾಕರಿನಿಂದ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಷನ್) ಬೀಗ ಹಾಕಿದ ವಾಲ್ಯೂಮನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಬೀಗ ಬಿಚ್ಚುವ ಕೀ ಸರ್ವರಿನಲ್ಲಿರುವಾಗ ಪೆಟ್ಟಿಗೆ ತಾನಾಗಿ ಆ ಡೇಟಾವನ್ನು ಇನ್ನೊಂದೆಡೆಗೆ ಸರಿಯಾಗಿ ಇಳಿಸಲಾರದು, ವೇಗಕ್ಕಾಗಿ ಬೀಗ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಸ್ಕ್ಯಾನ್ ಮಾಡಿದ ಸಾವಿರಾರು ಚಿಕ್ಕ ಕಾಗದಗಳ ಫೈಲುಗಳದ್ದೂ ಅದೇ ಕತೆ: 256 ಕೆಬಿಗಿಂತ ಕಡಿಮೆಯ ಫೈಲಿಗೆ ಟೋಕನ್ ಇಲ್ಲ. ಇವೆರಡರ ನಕಲನ್ನು ಈಗ ಮಳೆ ಬಿಡುವು ಕೊಟ್ಟ ದಿನ, ಜನರೇಟರಿನ ಡೀಸೆಲ್ ನೋಡಿಕೊಂಡೇ ಹಚ್ಚುತ್ತೇನೆ.