ಮೈ ಸುಡುವ ಡ್ರೈಯರ್, ಹಸಿ ಟವೆಲ್ಲು: ಎರಡು ನಿಯಾನ್ ದೀಪದಿಂದ ಹಿಡಿದ ದೋಷ

ಬಟ್ಟೆ ಒಣಗಿಸುವ ಡ್ರೈಯರ್‌ನ ಮೈ ಮುಟ್ಟಿದರೆ ಕೈ ಚುರ್ ಅನ್ನುತ್ತದೆ, ಒಳಗಿನ ಟವೆಲ್ಲು ಮಾತ್ರ ಹಸಿ. ಧಾರವಾಡದ ಮಳೆಗಾಲದಲ್ಲಿ ಇದು ಶುರುವಾದರೆ ಸಿಗುವ ಉತ್ತರ ಒಂದೇ: 'ಕಂಟ್ರೋಲ್ ಬೋರ್ಡ್ ಹೋಗೇತ್ರೀ, ಎಂಟು ಸಾವಿರ ಆಗ್ತದ.' ನಮ್ಮದಕ್ಕೆ ಅಷ್ಟೊತ್ತಿಗಾಗಲೇ ಥರ್ಮೋಸ್ಟ್ಯಾಟು (ಬಿಸಿ ನೋಡಿ ಕರೆಂಟ್ ಕಡಿಯುವ ಸ್ವಿಚ್ಚು), ಥರ್ಮಲ್ ಫ್ಯೂಸು (ಬಿಸಿ ಮಿತಿ ಮೀರಿದರೆ ಹೋಗುವ ಫ್ಯೂಸು) ಅಂತ ಬದಲಿಸುತ್ತ ಹತ್ತಿರಹತ್ತಿರ ಎರಡೂವರೆ ಸಾವಿರ ಹೋಗಿತ್ತು. ಹಾಕಿದ ಫ್ಯೂಸು ವಾರದೊಳಗೆ ಮತ್ತೆ ಢಂ. ಫ್ಯೂಸ್ ಕಿತ್ತು ವೈರ್ ಜೋಡಿಸೋಣ ಅಂದವರೂ ಇದ್ದರು. ಅದನ್ನು ಮಾತ್ರ ಮಾಡಿಸಬ್ಯಾಡ್ರಿ. ಒಣ ಲಿಂಟು, ಅಂದರೆ ಬಟ್ಟೆಯಿಂದ ಉದುರಿದ ನಾರಿನ ಧೂಳು, ಹೀಟರ್ ಪಕ್ಕದಲ್ಲೇ ಕೂತಿರುತ್ತದೆ, ಬೆಂಕಿ ಹತ್ತೀತು.

ಹೀಟರನ್ನು ಕಟ್ ಮಾಡುತ್ತಿರುವುದು ಗಾಳಿ ಎಳೆಯುವ ಬ್ಲೋವರ್ ಹತ್ತಿರದ, ಮಾಮೂಲಿಯಾಗಿ ಹೀಟರ್ ಹಚ್ಚಿ-ಆರಿಸುವ ಸೈಕ್ಲಿಂಗ್ ಥರ್ಮೋಸ್ಟ್ಯಾಟೋ, ಹೀಟರ್ ಡಬ್ಬಿ ಮೇಲಿನ, ಅತಿ ಬಿಸಿಯಾದಾಗ ಮಾತ್ರ ಬಿಡುವ ಹೈ-ಲಿಮಿಟ್ಟೋ? ಇದು ಗೊತ್ತಾಗದೆ ಪಾರ್ಟು ಬದಲಿಸುವುದು ದಂಡ. ಹದಿನೈದು-ಇಪ್ಪತ್ತು ರೂಪಾಯಿಯ 230 ವೋಲ್ಟಿನ ನಿಯಾನ್ ಇಂಡಿಕೇಟರ್ ಎರಡು ತಂದೆ. ಪ್ಲಗ್ ಕಿತ್ತು, ಹಸಿರನ್ನು ಸೈಕ್ಲಿಂಗ್‌ನ ಎರಡೂ ಟರ್ಮಿನಲ್‌ಗೆ, ಕೆಂಪನ್ನು ಹೈ-ಲಿಮಿಟ್‌ಗೆ ಪ್ಯಾರಲಲ್ ಕೊಟ್ಟು, ಸ್ಲೀವ್ ಹಾಕಿ, ದೀಪ ಹೊರಗೆ ತಂದು ಹಿಂದಿನ ತಗಡು ಮುಚ್ಚಿದೆ. ತಗಡು ತೆರೆದಿದ್ದರೆ ಗಾಳಿಯ ದಾರಿಯೇ ಬದಲಾಗಿ ಟೆಸ್ಟು ಕೆಡುತ್ತದೆ. ಕಾಂಟ್ಯಾಕ್ಟ್ ಕೂಡಿದ್ದಾಗ ದೀಪ ಆರಿರುತ್ತದೆ, ಬಿಟ್ಟಾಗ ಹತ್ತುತ್ತದೆ.

ನಮ್ಮದರಲ್ಲಿ ಹದಿನೈದು ನಿಮಿಷದ ಮೇಲೆ ಬರೀ ಕೆಂಪು. ಅಂದರೆ ಬಿಸಿ ಹೀಟರ್ ಬಳಿಯೇ ನಿಂತಿದೆ, ಗಾಳಿ ಅದನ್ನು ಎಳೆಯುತ್ತಿಲ್ಲ. ಬೋರ್ಡ್ ಹೋಗಿದೆ ಅಂದವರ ಬಾಯಿ ಮುಚ್ಚಿಸಲು, ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ: ಹೀಟಿನಲ್ಲಿ ಒಂಬತ್ತರ ಮೇಲೆ ಆಂಪಿಯರ್, ಕೊನೆಗೆ ಹೀಟರ್ ಆರಿ ಬರೀ ಗಾಳಿ ಆಡುವ ಕೂಲ್-ಡೌನ್‌ನಲ್ಲಿ ಒಂದು-ಒಂದೂವರೆ. ಬೋರ್ಡಿನಲ್ಲಿ ಹೀಟರ್ ಹಚ್ಚಿ-ಆರಿಸುವ ರಿಲೇ ಅಂಟಿದ್ದರೆ ಕೂಲ್-ಡೌನ್‌ನಲ್ಲೂ ಇಳಿಯುತ್ತಿರಲಿಲ್ಲ. 2 ಕಿಲೋವ್ಯಾಟ್ ಎಲಿಮೆಂಟು 26 ಓಮ್ ಆಸುಪಾಸು ತೋರಿಸಿತು, ಡ್ರೈಯರ್ ಮೈಗೆ ಕರೆಂಟ್ ಸೋರಿಕೆ ಇಲ್ಲ.

ಬಿಸಿಗಾಳಿ ಹೊರಹಾಕುವ ಪೈಪ್ ಕಳಚಿ ಓಡಿಸಿದರೂ ಕೆಂಪೇ, ಆದರೆ ಸ್ವಲ್ಪ ತಡವಾಗಿ. ಹಾಗಾಗಿ ದೋಷ ಎರಡು ಕಡೆ. ಹೊರಗಿನ ಬಾಯಿಗೆ ಸೊಳ್ಳೆಗೆಂದು ಬಡಿದಿದ್ದ ಜಾಲರಿಗೆ ಲಿಂಟು ಕಂಬಳಿಯಂತೆ ಅಂಟಿತ್ತು. ಅದನ್ನು ಕಿತ್ತೆ. ಸುಕ್ಕಿನ ಫಾಯಿಲ್ ಪೈಪ್ ಬದಲು ತಗಡಿನವರ ಕಡೆ 4 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಮಾಡಿಸಿದೆ, ಒಂದೇ ಬೆಂಡು, ಏಳುನೂರೋ ಎಂಟುನೂರೋ. ಜಾಯಿಂಟಿಗೆ ಅಲ್ಯೂಮಿನಿಯಂ ಟೇಪು. ಒಳಗೆ ಮೊನೆ ಚಾಚುವ ಸ್ಕ್ರೂ ಬೇಡ, ಲಿಂಟು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಉಳಿದದ್ದು ಬ್ಲೋವರ್. ಡ್ರಮ್ಮಿಗೂ ಇದಕ್ಕೂ ಒಂದೇ ಮೋಟರ್, ಡ್ರಮ್ಮು ಚೆನ್ನಾಗಿ ತಿರುಗುತ್ತದೆ, ಅದಕ್ಕೇ ಯಾರೂ ಇತ್ತ ನೋಡಿರಲಿಲ್ಲ. ಮೋಟರ್ ಶಾಫ್ಟ್ ಮತ್ತು ಇಂಪೆಲ್ಲರ್ (ಬ್ಲೋವರಿನ ರೆಕ್ಕೆ ಚಕ್ರ) ಹಬ್, ಅಂದರೆ ಅದರ ನಡುವಿನ ಗುಂಬ, ಎರಡರ ಮೇಲೂ ಹಾಯುವಂತೆ ವೈಟ್ನರ್‌ನಲ್ಲಿ ಒಂದು ಗೆರೆ ಎಳೆದು ಅರ್ಧ ತಾಸು ಬಿಸಿಯಲ್ಲಿ ಓಡಿಸಿದೆ. ತೆಗೆದು ನೋಡಿದರೆ ಹಬ್ಬಿನ ಗೆರೆ ಅರ್ಧ ಸುತ್ತು ಆಚೆ! ಪ್ಲಾಸ್ಟಿಕ್ಕಿನ ಡಿ ಆಕಾರದ ತೂತು ಸವೆದು ದುಂಡಗಾಗಿತ್ತು. ತಣ್ಣಗಿದ್ದಾಗ ಕಚ್ಚಿಕೊಳ್ಳುತ್ತದೆ, ಬಿಸಿಗೆ ಸಡಿಲಾಗಿ ಜಾರುತ್ತದೆ. ಮೊದಲ ಹದಿನೈದು ನಿಮಿಷ ಎಲ್ಲ ಸರಿ ಇರುತ್ತಿದ್ದುದು ಇದಕ್ಕೇ.

ಹೊಸ ಇಂಪೆಲ್ಲರ್ ಹುಬ್ಬಳ್ಳಿ ಪ್ಯಾಟಿಯಲ್ಲಿ ಸಿಗಲಿಲ್ಲ, ತರಿಸಿದ್ದು ಸಾವಿರದ ಇನ್ನೂರರ ಸುಮಾರು. ಬರುವವರೆಗೆ ಹಳೆಯದಕ್ಕೇ ಸವೆದ ತೂತು ಬಿಗಿಯಾಗುವಂತೆ ಒಂದು ಬುಶ್ (ಒಳಬಳೆ) ಕೂರಿಸಿ ಓಡಿಸಿದೆ. ಅದನ್ನು ಯಾವುದರಿಂದ ಮಾಡಿದೆ, ಏನು ಹಚ್ಚಿ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ತೆಗೆದ ಥರ್ಮೋಸ್ಟ್ಯಾಟುಗಳನ್ನೂ ಪರೀಕ್ಷಿಸಿದೆ. ಕುದಿಯುವ ನೀರಲ್ಲಿ ಟೆಸ್ಟ್ ಮಾಡುವವರು ಒಂದು ಮರೆಯುತ್ತಾರೆ: ಧಾರವಾಡದ ಎತ್ತರಕ್ಕೆ ನೀರು 97-98 ಡಿಗ್ರಿಗೇ ಕುದಿಯುತ್ತದೆ. 100 ಡಿಗ್ರಿಗೆ ಬಿಡುವ ಥರ್ಮೋಸ್ಟ್ಯಾಟು ಅದರಲ್ಲಿ ಬಿಡದಿದ್ದರೆ ಕೆಟ್ಟಿದೆ ಅಂತಲ್ಲ. ತವೆ ಮೇಲಿಟ್ಟು, ಪಕ್ಕಕ್ಕೆ ಬಿಸಿ ಅಳೆಯುವ ಥರ್ಮೋಕಪಲ್ ಒತ್ತಿ, ಸಣ್ಣ ಉರಿಯಲ್ಲಿ ನೋಡಬೇಕು. ಕೆಟ್ಟದ್ದೆಂದು ಬದಲಿಸಿದ್ದರಲ್ಲಿ ಒಂದೂ ಕೆಟ್ಟಿರಲಿಲ್ಲ. ಇನ್ನೊಂದು, ರಾತ್ರಿ ಲೈನ್ 230ರಿಂದ 250 ವೋಲ್ಟಿಗೆ ಏರಿದರೆ ಅದೇ ಎಲಿಮೆಂಟು ಶೇ. 18ರಷ್ಟು ಹೆಚ್ಚು ಕಾಯುತ್ತದೆ. ಆಗ ಲೋ ಹೀಟೇ ಸಾಕು.

ಈಗ ಹಸಿರೇ ಮಿನುಗುತ್ತದೆ, ಅಂದರೆ ಸೈಕ್ಲಿಂಗ್ ತನ್ನ ಕೆಲಸ ಮಾಡುತ್ತಿದೆ, ಹೊರಬೀಳುವ ಗಾಳಿ 60-65 ಡಿಗ್ರಿ, ಎರಡು ತಾಸು ಹಿಡಿಯುತ್ತಿದ್ದ ಟವೆಲ್ಲು ಐವತ್ತು ನಿಮಿಷಕ್ಕೆ ಒಣಗುತ್ತವೆ. ಕೆಂಪು ಒಂದು ಸಲ ಹತ್ತಿದರೂ ಮೊದಲು ಲಿಂಟ್ ಫಿಲ್ಟರಿಗೆ ನೀರು ಸುರಿದು ನೋಡುತ್ತೇನೆ. ಸೋರದೆ ನಿಂತರೆ ಸಾಫ್ಟನರ್ ಜಿಡ್ಡು ಕಟ್ಟಿದೆ, ಸೋಪು ಹಚ್ಚಿ ಹಳೇ ಬ್ರಶ್ಶಿನಿಂದ ತಿಕ್ಕಬೇಕು.