ಟ್ಯಾಂಕ್ ತುಂಬಿದ್ದರೂ ಕಾಲು ತೋರಿಸುವ ಮುಳ್ಳು

ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ಕೀ ತಿರುಗಿಸಿದರೆ, ನನ್ನ ಬೋಟಿನ ಫ್ಯೂಯೆಲ್ ಗೇಜಿನ ಮುಳ್ಳು ಕಾಲು ಭಾಗದ ಗೆರೆಯವರೆಗೆ ತೆವಳಿ ಅಲ್ಲೇ ನಿಲ್ಲುತ್ತಿತ್ತು. ಗಾಜು ತಟ್ಟಿದರೂ ಕದಲುತ್ತಿರಲಿಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: "ಸೆಂಡರ್ ಹೋಗಿದೆ, ಹೊಸದು ಹಾಕಿ." ಸೆಂಡರ್ ಎಂದರೆ ಟ್ಯಾಂಕಿನೊಳಗೆ ಇಳಿಬಿಟ್ಟಿರುವ, ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಇರುವ ಭಾಗ. ಅದನ್ನು ಬಿಚ್ಚುವುದೆಂದರೆ ಪೆಟ್ರೋಲ್ ತುಂಬಿದ ಟ್ಯಾಂಕಿನ ಬಾಯಿ ತೆಗೆಯುವುದು. ಅಷ್ಟು ದೂರ ಹೋಗುವ ಮುಂಚೆ ಡ್ಯಾಶ್‌ಬೋರ್ಡಿನ ತುದಿಯಿಂದ ಒಂದೊಂದಾಗಿ ನೋಡಿಕೊಂಡು ಬರೋಣ ಎಂದು ಮಲ್ಟಿಮೀಟರ್ ಮತ್ತು ಎರಡು ಕಡೆ ಕ್ಲಿಪ್ ಇರುವ ಉದ್ದನೆಯ ವೈರ್ ಹಿಡಿದು ಕೂತೆ.

ಈ ಗೇಜಿನ ಒಳಗುಟ್ಟು ಬಹಳ ಸರಳ. ಗೇಜಿಗೆ ಕೀ ಮೂಲಕ 12 ವೋಲ್ಟ್ ಬರುತ್ತದೆ. ಗೇಜಿನಿಂದ ಒಂದು ವೈರ್ ಟ್ಯಾಂಕಿನ ಮೇಲಿರುವ ಸೆಂಡರಿಗೆ ಹೋಗುತ್ತದೆ. ಸೆಂಡರ್ ಒಳಗೆ ಇರುವುದು ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಭಾಗ. ಫ್ಲೋಟ್ ಏರಿದಂತೆ, ಇಳಿದಂತೆ ಆ ತಡೆಯ ಬೆಲೆ ಬದಲಾಗುತ್ತದೆ; ಅದನ್ನು ಅಳೆಯುವುದು ಓಮ್‌ನಲ್ಲಿ. ಅಲ್ಲಿಂದ ಕರೆಂಟ್ ಅರ್ಥಿಂಗ್ ವೈರಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುತ್ತದೆ. ಅಮೆರಿಕನ್ ಪದ್ಧತಿಯ ಸೆಂಡರಾದರೆ ಟ್ಯಾಂಕ್ ಖಾಲಿಯಿದ್ದಾಗ 240 ಓಮ್, ತುಂಬಿದಾಗ 33 ಓಮ್, ಅರ್ಧಕ್ಕೆ ಸುಮಾರು 100. ಯುರೋಪಿಯನ್ ಪದ್ಧತಿ ಇದರ ತದ್ವಿರುದ್ಧ: ಖಾಲಿಗೆ 10 ಓಮ್ ಆಸುಪಾಸು, ತುಂಬಿದರೆ 180. ನಿಮ್ಮದು ಯಾವುದು ಎಂದು ಮೊದಲೇ ತಿಳಿದುಕೊಳ್ಳದಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ಉಲ್ಟಾ ಕಾಣುತ್ತವೆ. ನನ್ನದು 240-33.

ಪೆಟ್ರೋಲ್ ಬೋಟಾದರೆ ಇನ್ನೊಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗುವುದಿಲ್ಲ, ಬೋಟಿನ ಒಳಗಿನ ತೀರಾ ತಳದ ಜಾಗವಾದ ಬಿಲ್ಜ್‌ನಲ್ಲಿ ಕೂತಿರುತ್ತದೆ. ಹಲಗೆಗಳನ್ನೆಲ್ಲ ತೆರೆದಿಟ್ಟು, ಆವಿಯನ್ನು ಹೊರಹಾಕುವ ಫ್ಯಾನ್ ಆದ ಬ್ಲೋವರ್ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿದ ಮೇಲೆಯೇ ಕೈಹಾಕಿದೆ. ಬ್ಲೋವರ್ ಕನಿಷ್ಠ 4 ನಿಮಿಷ ಓಡಬೇಕು ಎನ್ನುವುದು ಎಂಜಿನ್ ಸ್ಟಾರ್ಟ್ ಮಾಡುವಾಗಿನ ನಿಯಮ. ಇಂಥ ಕೆಲಸಕ್ಕೆ ನಾನು ಅದಕ್ಕಿಂತ ತುಂಬಾ ಹೊತ್ತು ಬಿಟ್ಟೆ. ಡೀಸೆಲ್ ಇಷ್ಟು ಹೆದರಿಸುವುದಿಲ್ಲ.

ಮೊದಲ ಪರೀಕ್ಷೆ ಗೇಜಿನ ಬೆನ್ನಿಗೆ. ಅಲ್ಲಿ ಮೂರು ಟರ್ಮಿನಲ್ ಇರುತ್ತವೆ: ಕೀಯಿಂದ ಬರುವ ಪಾಸಿಟಿವ್‌ಗೆ 'ಐ', ನೆಗೆಟಿವ್‌ಗೆ 'ಜಿ', ಸೆಂಡರಿಗೆ 'ಎಸ್'. ಬೋಟಿನ ವೈರಿಂಗ್ ಅಮೆರಿಕನ್ ಬಣ್ಣದ ಪದ್ಧತಿಯಲ್ಲಿದ್ದರೆ ಕೀ ವೈರ್ ನೇರಳೆ, ಸೆಂಡರ್ ವೈರ್ ಗುಲಾಬಿ, ನೆಗೆಟಿವ್ ಕಪ್ಪು ಅಥವಾ ಹಳದಿ. ಕೀ ಆನ್ ಮಾಡಿ 'ಐ'ಗೂ 'ಜಿ'ಗೂ ಮಧ್ಯೆ ವೋಲ್ಟೇಜ್ ನೋಡಿದೆ, ಬ್ಯಾಟರಿಯಷ್ಟೇ ಇತ್ತು. ಕೀ ಆಫ್ ಮಾಡಿ ಗುಲಾಬಿ ವೈರ್ ಕಳಚಿದೆ, ಮತ್ತೆ ಆನ್ ಮಾಡಿದೆ: ಮುಳ್ಳು ಪೂರ್ತಿ ಖಾಲಿಗೆ ಇಳಿಯಿತು. ಪುನಃ ಆಫ್ ಮಾಡಿ 'ಎಸ್' ಮತ್ತು 'ಜಿ' ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಜೋಡಿಸಿ ಆನ್ ಮಾಡಿದೆ: ಮುಳ್ಳು ತುಂಬಿದ ಗೆರೆಯನ್ನೂ ದಾಟಿ ನಿಂತಿತು. 240-33 ಗೇಜು ಹೀಗೇ ವರ್ತಿಸಬೇಕು. ಯುರೋಪಿಯನ್ ಗೇಜಾದರೆ ವೈರ್ ಕಳಚಿದಾಗ ತುಂಬಿದ ಕಡೆಗೂ ಜೋಡಿಸಿದಾಗ ಖಾಲಿಯ ಕಡೆಗೂ ಹೋಗಬೇಕು. ಎರಡು ತುದಿಗೂ ಸಲೀಸಾಗಿ ಓಡುವ ಮುಳ್ಳಿನ ಮೇಲೆ ಅನುಮಾನ ಪಡಲು ಕಾರಣವಿಲ್ಲ. ಅರ್ಧ ಊರು ಹುಡುಕಿ ಮುಗಿಯಿತು, ಕಳ್ಳ ಉಳಿದರ್ಧದಲ್ಲಿದ್ದಾನೆ.

ಇಲ್ಲಿಂದ ಮುಂದೆ ಅಳತೆಯೆಲ್ಲ ಓಮ್‌ನಲ್ಲಿ, ಕೀ ಆಫ್ ಇಟ್ಟೇ. ಕರೆಂಟ್ ಹರಿಯುತ್ತಿರುವಾಗ ಓಮ್ ಅಳೆದರೆ ಬರುವ ಅಂಕಿ ನಂಬುವಂಥದ್ದಲ್ಲ. ಕಳಚಿದ ಗುಲಾಬಿ ವೈರಿನ ತುದಿಗೂ ಡ್ಯಾಶ್‌ಬೋರ್ಡಿನ ನೆಗೆಟಿವ್‌ಗೂ ಮೀಟರ್ ಹಿಡಿದೆ. ತುಂಬಿದ ಟ್ಯಾಂಕಿಗೆ 33ರ ಹತ್ತಿರ ಬರಬೇಕಿತ್ತು; ಬಂದದ್ದು 150ರ ಆಚೀಚೆ, ಅದೂ ಓಲಾಡುತ್ತಿತ್ತು. 150 ಓಮ್‌ಗೆ ಗೇಜು ಕಾಲು ಭಾಗದ ಹತ್ತಿರವೇ ತೋರಿಸಬೇಕು. ಅಂದರೆ ಗೇಜು ತನಗೆ ತಲುಪಿದ್ದನ್ನು ಪ್ರಾಮಾಣಿಕವಾಗಿ ಹೇಳುತ್ತಿತ್ತು.

ನಂತರ ಟ್ಯಾಂಕಿನ ಬಳಿ ಹೋಗಿ, ಸೆಂಡರ್ ಟರ್ಮಿನಲ್ಲಿನಿಂದಲೂ ಗುಲಾಬಿ ವೈರ್ ಬಿಚ್ಚಿ, ಟರ್ಮಿನಲ್ಲಿಗೂ ಸೆಂಡರಿನ ಲೋಹದ ತಟ್ಟೆಗೂ ಅಳೆದೆ: 35. ಎಲ್ಲರೂ ಬದಲಾಯಿಸಿ ಎಂದ ಸೆಂಡರ್ ತುಂಬಿದ ಟ್ಯಾಂಕನ್ನು ತುಂಬಿದೆ ಎಂದೇ ಹೇಳುತ್ತಿತ್ತು! ಮಿಕ್ಕ 115 ಓಮ್ ದಾರಿಯಲ್ಲಿ ಎಲ್ಲೋ ಸೇರಿಕೊಳ್ಳುತ್ತಿತ್ತು. ದಾರಿಗಳು ಎರಡೇ: ಹೋಗುವ ಗುಲಾಬಿ ವೈರ್, ಬರುವ ಕಪ್ಪು ವೈರ್. ಉದ್ದನೆಯ ಕ್ಲಿಪ್ ವೈರ್ ಬಳಸಿ ಗುಲಾಬಿ ವೈರನ್ನು ತುದಿಯಿಂದ ತುದಿಗೆ ಅಳೆದರೆ 1 ಓಮ್ ಕೂಡ ಇಲ್ಲ. (ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಕಳೆಯಬೇಕು, ಇಲ್ಲವಾದರೆ ಸಣ್ಣ ಅಳತೆಗಳು ದಾರಿ ತಪ್ಪಿಸುತ್ತವೆ.) ಸೆಂಡರ್ ತಟ್ಟೆಯಿಂದ ಡ್ಯಾಶ್‌ಬೋರ್ಡಿನ ನೆಗೆಟಿವ್‌ಗೆ ಅಳೆದಾಗ ಅಂಕಿ ನೂರರ ಮೇಲೆ ಕುಣಿಯತೊಡಗಿತು. ಸಿಕ್ಕಿತು.

ಮೀಟರ್ ಇಲ್ಲದವರಿಗೂ ಇದನ್ನು ಹಿಡಿಯಲು ಉಪಾಯವಿದೆ. ಕೀ ಆಫ್ ಇದ್ದಾಗ ಕ್ಲಿಪ್ ವೈರಿನ ಒಂದು ತುದಿಯನ್ನು ಸೆಂಡರ್ ತಟ್ಟೆಗೆ ಕಚ್ಚಿಸಿ, ಇನ್ನೊಂದನ್ನು ಟ್ಯಾಂಕಿನಿಂದ ದೂರದಲ್ಲಿ, ಡ್ಯಾಶ್‌ಬೋರ್ಡಿನ ನೆಗೆಟಿವ್‌ಗೆ ಜೋಡಿಸಿ. ಆಮೇಲೆ ಕೀ ಆನ್ ಮಾಡಿದಾಗ ಮುಳ್ಳು ಸರಿಯಾದ ಜಾಗಕ್ಕೆ ಏರಿದರೆ ಅರ್ಥಿಂಗ್ ಕೆಟ್ಟಿದೆ ಎಂದೇ ಲೆಕ್ಕ. ಆದರೆ ಯಾವ ಕಾರಣಕ್ಕೂ ಸೆಂಡರ್ ಟರ್ಮಿನಲ್ಲಿಗೆ ಬ್ಯಾಟರಿಯ ಪಾಸಿಟಿವ್ ತಾಗಿಸಬಾರದು.

ಕಪ್ಪು ವೈರಿನ ರಿಂಗ್ ಟರ್ಮಿನಲ್ ಸೆಂಡರ್ ತಟ್ಟೆಯ ಒಂದು ಸ್ಕ್ರೂ ಕೆಳಗೆ ಕೂತಿತ್ತು. ಮೇಲಿಂದ ನೋಡಿದರೆ ಏನೂ ಆಗಿಲ್ಲ. ಸ್ಕ್ರೂ ಬಿಚ್ಚಿದ ಮೇಲೆ ರಿಂಗ್‌ನ ಅಡಿಯಲ್ಲಿ ಹಸಿರು ಕಿಲುಬು, ತಟ್ಟೆಯ ಮೇಲೆ ಬಿಳಿ ಪುಡಿ. ಇನ್ಸುಲೇಶನ್ ಸ್ವಲ್ಪ ಸೀಳಿದರೆ ತಾಮ್ರದ ಎಳೆಗಳು ಒಳಗೂ ಕಪ್ಪಗಾಗಿದ್ದವು. ತೇವ ಎಳೆಗಳ ಸಂದಿಯಲ್ಲಿ ಹೀರಿಕೊಂಡು ಬಹಳ ದೂರ ಏರುತ್ತದೆ, ಹೀಗಾಗಿ ತುದಿ ಮಾತ್ರ ಉಜ್ಜಿದರೆ ಸಾಲದು. ಹೊಳೆಯುವ ಲೋಹ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತ ಬಂದೆ. ತವರ ಲೇಪಿಸಿದ ಎಳೆಗಳ ಮರೀನ್ ವೈರ್ ಸೇರಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ, ಹೊಸ ರಿಂಗ್ ಒತ್ತಿ ಕ್ರಿಂಪ್ ಮಾಡಿದೆ. ಹೀಟ್ ಶ್ರಿಂಕ್ ಬಿಸಿ ಮಾಡಿದ್ದು ವೈರನ್ನು ಹೊರಗೆ, ಬಯಲು ಗಾಳಿಗೆ ಎಳೆದುಕೊಂಡು. ಟ್ಯಾಂಕಿನ ಹತ್ತಿರ ಹೀಟ್ ಗನ್ ತರುವ ಮಾತೇ ಇಲ್ಲ. ತಟ್ಟೆಯನ್ನು ಮರಳು ಕಾಗದದಿಂದ ತಿಕ್ಕಿ, ಬಿಗಿದು, ಮೇಲೆ ತುಕ್ಕು ತಡೆಯುವ ಗ್ರೀಸ್ ಸವರಿದೆ.

ಅದೇ ಸ್ಕ್ರೂಗೆ ಹಸಿರು ವೈರೂ ಒಂದಿತ್ತು. ಡೆಕ್ಕಿನ ಮೇಲೆ ಪೆಟ್ರೋಲ್ ಹಾಕುವ ಲೋಹದ ಬಾಯಿಗೂ ಟ್ಯಾಂಕಿಗೂ ಸಂಪರ್ಕ ಕೊಡುವ ವೈರ್ ಅದು. ಪೆಟ್ರೋಲ್ ತುಂಬುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಕಿಡಿಯಾಗದೆ ಹರಿದು ಹೋಗಲಿ ಎಂದು ಇಟ್ಟಿದ್ದು. ಗೇಜಿಗೆ ಬೇಕಿಲ್ಲ ಎಂದು ಇದನ್ನು ಬಿಟ್ಟುಬಿಟ್ಟವರಿದ್ದಾರೆ. ಹಾಗೆ ಮಾಡಬೇಡಿ, ಅದರ ರಿಂಗನ್ನೂ ಇದೇ ಕೈಯಲ್ಲಿ ಹೊಸದು ಮಾಡಿ.

ಕೀ ತಿರುಗಿಸಿದೆ, ಮುಳ್ಳು ನೇರ ತುಂಬಿದ ಗೆರೆಗೆ ಹೋಯಿತು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪೆಟ್ರೋಲ್ ಖರ್ಚಾಗುತ್ತ ಅರ್ಧದ ಹತ್ತಿರ ಬಂದಾಗ ಮುಳ್ಳು ಇದ್ದಕ್ಕಿದ್ದಂತೆ ಖಾಲಿಗೆ ಬೀಳುವುದು, ಮತ್ತೆ ಎದ್ದು ಕೂರುವುದು ಶುರುವಾಯಿತು. ಇನ್ನೂ ಸ್ವಲ್ಪ ಇಳಿದ ಮೇಲೆ ಏನೂ ಆಗದವರಂತೆ ಸರಿಯಾಗಿ ತೋರಿಸತೊಡಗಿತು. ಅಲೆಗೆ ಪೆಟ್ರೋಲ್ ತುಳುಕುವಾಗಲೂ ಮುಳ್ಳು ಆಡುತ್ತದೆ ನಿಜ. ಆದರೆ ಆಗ ಅದು ಒಂದು ಮಟ್ಟದ ಎರಡೂ ಬದಿಗೆ ತೂಗುತ್ತದೆ. ಪ್ರತಿ ಸಲ ಒಂದೇ ಮಟ್ಟದಲ್ಲಿ, ಒಂದೇ ದಿಕ್ಕಿಗೆ, ಸೀದಾ ಖಾಲಿಗೆ ಬೀಳುವುದು ಬೇರೆ ಕಾಯಿಲೆ. ತೋಳಿನ ತುದಿಯಲ್ಲಿ ಫ್ಲೋಟ್ ಇರುವ ಹಳೆಯ ಮಾದರಿ ಸೆಂಡರಿನಲ್ಲಿ, ಸುತ್ತಿದ ತಂತಿಯ ಮೇಲೆ ಒಂದು ಸಣ್ಣ ಪಟ್ಟಿ ಉಜ್ಜುತ್ತ ಓಡಾಡುತ್ತದೆ. ತಂತಿ ಒಂದು ಕಡೆ ಸವೆದರೆ ಅಲ್ಲಿ ಸಂಪರ್ಕ ಕಡಿಯುತ್ತದೆ, ಮತ್ತು 240-33 ಗೇಜಿಗೆ ಸಂಪರ್ಕ ಕಡಿದರೆ ಖಾಲಿ ಎಂದೇ ಅರ್ಥ. ಅರ್ಧಕ್ಕೆ ಇಳಿದಾಗ ವೈರ್ ಬಿಚ್ಚಿ, ಸೆಂಡರಿಗೆ ಮೀಟರ್ ಹಚ್ಚಿ, ಕಟ್ಟಿಹಾಕಿದ ಬೋಟಿನಲ್ಲಿ ಆಚೆ ಈಚೆ ಹೆಜ್ಜೆ ಹಾಕಿ ಅಲುಗಾಡಿಸಿದೆ. ಮೀಟರ್ 100ರಿಂದ ಅನಂತಕ್ಕೆ ಹಾರಿ ಮರಳುತ್ತಿತ್ತು. ಈಗ ಸೆಂಡರ್ ಹೋಗಿದೆ ಎಂದು ನಾನೂ ಒಪ್ಪಿದೆ.

ಹೊಸದನ್ನು ಆರಿಸುವಾಗ ಮೂರು ವಿಷಯ ನೋಡಿದೆ: ಓಮ್ ಪದ್ಧತಿ ಗೇಜಿಗೆ ಹೊಂದಬೇಕು, ತಟ್ಟೆಯ ಐದು ತೂತುಗಳ ಜೋಡಣೆ ಹೊಂದಬೇಕು, ಉದ್ದ ಹೊಂದಬೇಕು. ತೋಳಿನ ಮಾದರಿಯ ಬದಲು ಸ್ಟೀಲ್ ಕೊಳವೆಯ ಮಾದರಿ ತಂದೆ. ಅದರ ಫ್ಲೋಟಿನಲ್ಲಿ ಅಯಸ್ಕಾಂತವಿದ್ದು, ಕೊಳವೆಯೊಳಗಿನ ರೀಡ್ ಸ್ವಿಚ್‌ಗಳನ್ನು ಒಂದೊಂದಾಗಿ ಮುಟ್ಟಿಸುತ್ತ ಹೋಗುತ್ತದೆ, ಸವೆಯುವ ಉಜ್ಜಾಟವಿಲ್ಲ. ಮುಳ್ಳು ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ತಳಕ್ಕೆ ತಾಗದಂತೆ ಟ್ಯಾಂಕಿನ ಆಳಕ್ಕಿಂತ ತುಸು ಗಿಡ್ಡದ್ದು ಬೇಕು. ತೋಳಿನದ್ದೇ ಹಾಕುವವರು ತೋಳಿನ ಬುಡ ಟ್ಯಾಂಕಿನ ಅರ್ಧ ಆಳದಲ್ಲಿ ಬರುವಂತೆ ಹೊಂದಿಸಿ, ತೋಳಿನ ಉದ್ದವನ್ನು ಆಳದ ಸುಮಾರು 0.7 ಪಟ್ಟು ಇಟ್ಟುಕೊಳ್ಳಬಹುದು. ಹಾಗಿದ್ದರೆ ತೋಳು ಮೇಲಕ್ಕೂ ಕೆಳಕ್ಕೂ 45 ಡಿಗ್ರಿ ತಿರುಗಿ ಪೂರ್ತಿ ಆಳ ಮುಟ್ಟುತ್ತದೆ. ಬೋಟಿನಲ್ಲಿ ಎರಡು ಕಡೆ ಗೇಜ್ ಇದ್ದು ಸೆಂಡರ್ ಒಂದೇ ಆಗಿದ್ದರೆ ಅದಕ್ಕೆಂದೇ ಬರುವ, ಓಮ್ ಬೆಲೆ ಮಾಮೂಲಿನ ಅರ್ಧದಷ್ಟಿರುವ ಸೆಂಡರ್ ಬೇಕಾಗುತ್ತದೆ.

ಹಾಕುವ ಮೊದಲು ಹೊಸ ಸೆಂಡರನ್ನು ಡ್ಯಾಶ್‌ಬೋರ್ಡಿನ ಬಳಿ ನೇರವಾಗಿ ಗೇಜಿಗೆ ಜೋಡಿಸಿ, ಫ್ಲೋಟನ್ನು ಕೈಯಿಂದ ಏರಿಸಿ ಇಳಿಸಿ ನೋಡಿದೆ. ಹಳೆಯದನ್ನು ತೆಗೆಯುವ ದಿನ ಬ್ಯಾಟರಿ ಸಂಪರ್ಕ ಪೂರ್ತಿ ಕಳಚಿದೆ. ತಟ್ಟೆಯ ಸುತ್ತಲಿನ ಕೊಳೆ ಒರೆಸಿದೆ, ಅದು ಟ್ಯಾಂಕಿಗೆ ಬೀಳದಿರಲಿ ಎಂದು. ಸ್ಕ್ರೂಗಳಿಗೆ ಕೈ ಸ್ಕ್ರೂಡ್ರೈವರ್ ಮಾತ್ರ, ಎಲೆಕ್ಟ್ರಿಕ್ ಡ್ರಿಲ್ ಇಲ್ಲ. ಪೆಟ್ರೋಲ್ ಕಡಿಮೆಯಿದ್ದ ಟ್ಯಾಂಕಿನಲ್ಲಿ ಚೆಲ್ಲುವ ಭಯ ಕಡಿಮೆ, ಆವಿಯ ಭಯ ಹೆಚ್ಚು. ಹೀಗಾಗಿ ಸೆಂಡರ್ ಹೊರಗೆ ಬಂದ ಕೂಡಲೇ ಬಾಯಿ ಮುಚ್ಚಿದೆ. ಐದು ತೂತುಗಳು ಸಮ ಅಂತರದಲ್ಲಿ ಇರುವುದಿಲ್ಲವಾದ್ದರಿಂದ ತಟ್ಟೆ ಒಂದೇ ದಿಕ್ಕಿಗೆ ಕೂರುತ್ತದೆ; ಬಲವಂತ ಮಾಡದೆ ತಿರುಗಿಸಿ ನೋಡಬೇಕು. ಹೊಸ ಗ್ಯಾಸ್ಕೆಟ್, ಸೀಲ್ ಇರುವ ಹೊಸ ವಾಷರ್, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುವುದು, ಇಷ್ಟರಲ್ಲಿ ಜಾದೂ ಏನಿಲ್ಲ.

ಟ್ಯಾಂಕ್ ಹೇಗೂ ತಳ ಕಂಡಿತ್ತು. ಹೀಗಾಗಿ 10 ಲೀಟರ್ ಹಾಕುವುದು, ಬೋಟನ್ನು ಮಟ್ಟವಾಗಿ ನಿಲ್ಲಲು ಬಿಟ್ಟು ಮುಳ್ಳು ನೋಡುವುದು, ಬರೆದುಕೊಳ್ಳುವುದು, ಮತ್ತೆ 10 ಹಾಕುವುದು ಎಂದು ಪೂರ್ತಿ ತುಂಬಿಸಿದೆ. ಬೇಸರದ ಕೆಲಸ, ಆದರೆ ಇಡೀ ರಿಪೇರಿಯಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇದೇ. ಬೋಟಿನ ಟ್ಯಾಂಕ್ ಎಷ್ಟೋ ಸಲ ತಳದ ಆಕಾರಕ್ಕೆ ತಕ್ಕಂತೆ ಕೆಳಗೆ ಕಿರಿದಾಗಿರುತ್ತದೆ. ಫ್ಲೋಟಿಗೆ ಗೊತ್ತಾಗುವುದು ಎತ್ತರ ಮಾತ್ರ. ಪೂರ್ತಿ 'ವಿ' ಆಕಾರದಲ್ಲಿ ಇಳಿಯುವ ಟ್ಯಾಂಕಾದರೆ ಅರ್ಧ ಎತ್ತರದಲ್ಲಿ ಉಳಿದಿರುವುದು ನಾಲ್ಕನೇ ಒಂದು ಭಾಗ ಅಷ್ಟೇ. ನನ್ನ ಟ್ಯಾಂಕ್ ಅಷ್ಟು ಚೂಪಾಗಿಲ್ಲ. 100 ಲೀಟರಿನದರಲ್ಲಿ ಮುಳ್ಳು ಅರ್ಧಕ್ಕೆ ಬಂದಾಗ ಇರುವುದು 40 ಲೀಟರ್. ಆ ಪಟ್ಟಿಯನ್ನು ಗೇಜಿನ ಪಕ್ಕ ಅಂಟಿಸಿದ್ದೇನೆ. ಓಡುವಾಗ ಮೂತಿ ಎದ್ದು ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಆಗಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಲ್ಲಿಸಿ ನೋಡುತ್ತೇನೆ. ಜೊತೆಗೆ ಎಂಜಿನ್ ಓಡಿದ ಗಂಟೆಯ ಲೆಕ್ಕವೂ ಇರುತ್ತದೆ: ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಂಜಿನ್ 10 ಅಶ್ವಶಕ್ತಿಗೆ ಗಂಟೆಗೆ 4 ಲೀಟರ್ ಹತ್ತಿರ ಕುಡಿಯುತ್ತದೆ. ಹೋಗಲು ಮೂರನೇ ಒಂದು, ಬರಲು ಮೂರನೇ ಒಂದು, ಮುಟ್ಟದೆ ಇಡಲು ಮೂರನೇ ಒಂದು ಎನ್ನುವ ಹಳೆಯ ಲೆಕ್ಕವನ್ನು ನಾನು ಲೀಟರಿನಲ್ಲಿ ಹಾಕುತ್ತೇನೆ, ಮುಳ್ಳಿನಲ್ಲಿ ಅಲ್ಲ.

ತುಂಬಿಸಿದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಗ್ಯಾಸ್ಕೆಟ್ ಸೋರುವುದಾದರೆ ಅದು ತಿಳಿಯುವುದು ಟ್ಯಾಂಕ್ ಪೂರ್ತಿ ತುಂಬಿದಾಗ ಮಾತ್ರ. ಬಿಳಿ ಕಾಗದವನ್ನು ತಟ್ಟೆಯ ಸುತ್ತ ಒತ್ತಿ ನೋಡಿದೆ, ಮರುದಿನ ಮೂಸಿ ನೋಡಿದೆ, ಒಣಗೇ ಇತ್ತು. ಈಗ ಮಳೆಗಾಲ ಕಳೆದ ಮೇಲೊಮ್ಮೆ ಸೆಂಡರ್ ತಟ್ಟೆಯಿಂದ ನೆಗೆಟಿವ್‌ಗೆ ಮೀಟರ್ ಹಿಡಿಯುತ್ತೇನೆ. 1 ಓಮ್ ದಾಟಿದರೆ ಆ ಸ್ಕ್ರೂ ಬಿಚ್ಚಿ ಉಜ್ಜುತ್ತೇನೆ.