5 ಗ್ರಾಂ ಶಟಲ್, 30 ಸಾವಿರದ ಭುಜ

"ನಿನ್ನ ಭುಜ ಮುಗೀತು, ಇನ್ಮೇಲೆ ಸ್ಕೋರ್ ಬರ್ಕೊಂಡು ಕೂತಿರು" ಎಂದಿದ್ದ ನನ್ನ ಬ್ಯಾಡ್ಮಿಂಟನ್ ಡಬಲ್ಸ್ ಜೊತೆಗಾರ. ಹೋದ ಭಾನುವಾರ ಅವನ ಎದುರೇ ಮೂರು ಗೇಮ್ ಆಡಿದೆ. ಸ್ಮ್ಯಾಶ್ ಹೊಡೆಯಲು ಹಿಂದೆಮುಂದೆ ನೋಡಲಿಲ್ಲ. ರಾತ್ರಿ ಬಲಮಗ್ಗುಲಲ್ಲೇ ನಿದ್ದೆ ಮಾಡಿದೆ. ಭುಜದ ನೋವಿಗೆ ಒಂದೂವರೆ ವರ್ಷದಿಂದ ಆ ಕಡೆ ಹೊರಳಲಿಕ್ಕೇ ಆಗುತ್ತಿರಲಿಲ್ಲ.

ಸ್ಕ್ಯಾನ್‌ನಲ್ಲಿ ಸುಪ್ರಾಸ್ಪೈನೇಟಸ್ ಟೆಂಡನ್ (ಕೈ ಎತ್ತಲು ನೆರವಾಗುವ ಭುಜದ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಕೆಟ್ಟಿದೆ, ಹರಿದಿಲ್ಲ ಅಂತ ಬಂದಿತ್ತು. ಹರಿದಿದ್ದರೆ ಅಥವಾ ಕೈ ಎತ್ತಲಿಕ್ಕೇ ಆಗದಿದ್ದರೆ ನನ್ನ ದಾರಿ ಹಿಡಿಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಮೊದಲು ದುಡ್ಡಿನ ಲೆಕ್ಕ. ಸ್ಕ್ಯಾನ್‌ಗೆ ಸುಮಾರು 7 ಸಾವಿರ. ಮೆಷಿನ್ ಇಟ್ಟು ಕರೆಂಟ್ ಕೊಡಿಸಿಕೊಂಡಿದ್ದು 20 ಸಲ, ಸಲಕ್ಕೆ 500. ಇಂಜೆಕ್ಷನ್‌ಗೆ ಮೂರೂವರೆ ಸಾವಿರ. ತಪ್ಪು ರಾಕೆಟ್‌ದು ಎಂದುಕೊಂಡು ಹಗುರದ್ದೊಂದು ತಂದೆ, ಅದಕ್ಕೆ 9 ಸಾವಿರ. "5 ಗ್ರಾಂ ಶಟಲ್ ಹೊಡೆಯೋಕೆ 30 ಸಾವಿರಾನಾ?" ಎಂದು ಮನೆಯಲ್ಲಿ ಕೇಳಿದಾಗ ಉತ್ತರ ಇರಲಿಲ್ಲ.

ಆರು ವಾರ ಪೂರ್ತಿ ಆಟ ಬಿಟ್ಟೆ. ನೋವು ಹೋಯಿತು. ವಾಪಸ್ ಬಂದ ದಿನ ನಾಲ್ಕನೇ ಸ್ಮ್ಯಾಶ್‌ಗೆ ಮತ್ತೆ ಹಾಜರು! ಇಂಜೆಕ್ಷನ್ ಎರಡು ತಿಂಗಳು ನಡೆಸಿತು, ಅಷ್ಟೇ. ಆಮೇಲೆ ವ್ಯಾಯಾಮದ ಕೆಂಪು ರಬ್ಬರ್ ಬ್ಯಾಂಡ್ ಹಿಡಿದು ದಿನಕ್ಕೆ 100 ಸಲ ಸರಸರ ಎಳೆದೆ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು.

ಕೆಲಸ ಮಾಡಿದ್ದು ನಿಧಾನ ಮತ್ತು ಭಾರ. ಮೊದಲ ಮೂರು ವಾರ ಬರೀ ಬಾಗಿಲ ಚೌಕಟ್ಟು. ಮೊಣಕೈ ಪಕ್ಕೆಗೆ ಒತ್ತಿ, ಮಣಿಕಟ್ಟಿನ ಹಿಂಭಾಗದಿಂದ ಚೌಕಟ್ಟನ್ನು ತಳ್ಳುವುದು. 40 ಸೆಕೆಂಡ್, ಐದು ಸಲ. ಆಮೇಲೆ ಎಡಮಗ್ಗುಲಲ್ಲಿ ಮಲಗಿ ಡಂಬೆಲ್ ಎತ್ತುವುದು. ಎತ್ತುವುದು ಹೇಗೋ ಆಗಲಿ, ಇಳಿಸುವಾಗ ನಾಲ್ಕು ಎಣಿಸಬೇಕು. 1 ಕೆ.ಜಿ.ಯಿಂದ ಶುರು ಮಾಡಿ ಐದನೇ ತಿಂಗಳಿಗೆ 4 ಮುಟ್ಟಿದೆ. ದಿನ ಬಿಟ್ಟು ದಿನ. ಜೊತೆಗೆ ಪುಷ್‌ಅಪ್ ಪ್ಲಸ್, ಅಂದರೆ ಪುಷ್‌ಅಪ್‌ನಲ್ಲಿ ಮೇಲೆ ಬಂದಮೇಲೆ ಭುಜಗಳನ್ನು ಇನ್ನೊಂದಿಷ್ಟು ಮುಂದಕ್ಕೆ ತಳ್ಳುವುದು; ಮೊದಲು ಗೋಡೆಗೆ, ಆಮೇಲೆ ನೆಲದ ಮೇಲೆ. ಹತ್ತಕ್ಕೆ ಮೂರರಷ್ಟು ನೋವು ಬಂದರೆ ನಿಲ್ಲಿಸುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಜಾಸ್ತಿ ಇದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ.

ನಡುವೆ ಗಟ್ ಟೆನ್ಷನ್ (ರಾಕೆಟ್ ತಂತಿಯ ಬಿಗಿತ) 28 ಪೌಂಡ್‌ನಿಂದ 24ಕ್ಕೆ ಇಳಿಸಿ ನೋಡಿದೆ. ಹೊಡೆತ ಸಲೀಸಾಯಿತು, ನೋವು ಹಾಗೇ ಇತ್ತು. ಒಂದು ತಿಂಗಳು ಎಡಗೈಯಲ್ಲಿ ಆಡಿ ಹನ್ನೆರಡು ವರ್ಷದ ಹುಡುಗಿ ಹತ್ತಿರ ಸೋತೆ. ಅದರಿಂದ ಭುಜಕ್ಕೆ ಏನೂ ಉಪಯೋಗವಾಗಲಿಲ್ಲ, ನಮ್ಮ ಕೋರ್ಟಿಗೆ ಮಾತ್ರ ಒಳ್ಳೆ ಮಜಾ.

ನಿಜವಾದ ಕಳ್ಳ ಸಿಕ್ಕಿದ್ದು ಮೊಬೈಲ್‌ನಲ್ಲಿ. ಹಿಂದಿನಿಂದ ವಿಡಿಯೋ ಮಾಡಿಸಿದ್ದೆ. ಮೊದಲ ಗೇಮ್‌ನಲ್ಲಿ ಶಟಲ್ ತಲೆಯ ಮುಂದೆ ಸಿಗುತ್ತಿತ್ತು. ಮೂರನೇದರಲ್ಲಿ ಕಾಲು ಸೋತು ತಲೆಯ ಹಿಂದೆ. ತಡವಾಗಿ ತಲುಪಿದ ಕಾಲಿನ ಸಾಲವನ್ನು ಭುಜ ತೀರಿಸುತ್ತಿತ್ತು ಅಲ್ವಾ! ಹಾಗಾಗಿ ವಾರಕ್ಕೆರಡು ದಿನ ಶಟಲ್ ಇಲ್ಲದೆ ಸುಮ್ನೆ ಹಿಂದಿನ ಎರಡು ಮೂಲೆಗಳಿಗೆ ಓಡಿದೆ. ನೋಡಿದವರು ನಕ್ಕರು.

ವಾಪಸ್ ಬರುವಾಗ ಮೊದಲು ನೆಟ್ ಹತ್ತಿರದ ಹೊಡೆತ ಮತ್ತು ಡ್ರೈವ್ (ನೆಟ್ ಮೇಲಿಂದ ನೇರವಾಗಿ ಹೊಡೆಯುವುದು), ಆಮೇಲೆ ಕ್ಲಿಯರ್ (ಎತ್ತರಕ್ಕೆ, ಎದುರಿನ ಕೋರ್ಟಿನ ಹಿಂಭಾಗಕ್ಕೆ), ಕೊನೆಗೆ ಎಣಿಸಿ 20 ಅರ್ಧ ಸ್ಮ್ಯಾಶ್. ವಾರಕ್ಕೆ ಹತ್ತು ಹತ್ತು ಏರಿಸಿದೆ. ಜಂಪ್ ಸ್ಮ್ಯಾಶ್‌ಗೆ ಎಂಟು ತಿಂಗಳು ಹಿಡಿಯಿತು.

ಈಗಲೂ ವಾರಕ್ಕೆರಡು ಸಲ ಡಂಬೆಲ್ ಇದ್ದೇ ಇದೆ. ದಸರೆಗೆ ಊರಿಗೆ ಹೋಗಿ ಎರಡು ವಾರ ಬಿಟ್ಟಿದ್ದೆ. ಮೂರನೇ ವಾರ ಶರ್ಟ್ ಹಾಕುವಾಗ ಚುಳುಕ್ ಎಂದಿತು. ಅವತ್ತೇ ಸಂಜೆ ಮತ್ತೆ ಬಾಗಿಲ ಚೌಕಟ್ಟಿನ ಪಕ್ಕ ನಿಂತಿದ್ದೆ.